ಕೋಲಾರದ ಬಾಗಿಲಿಗೆ ಎನ್‌ಐಎ ಬಂದಿದ್ದು ಯಾಕೆ?

2025ರ ಜುಲೈ 8ರಂದು ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ, ಒಂದು ಪ್ರಕಟಣೆ ಹೊರಡಿಸಿತು. ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳ ಐದು ಕಡೆ ಶೋಧ ನಡೆದಿದೆ, ಮೂವರನ್ನು ಬಂಧಿಸಲಾಗಿದೆ ಅನ್ನುವುದು ಅದರ ಸಾರ. ಒಬ್ಬರು ಪರಪ್ಪನ ಅಗ್ರಹಾರ ಜೈಲಿನ ಮನೋವೈದ್ಯ. ಇನ್ನೊಬ್ಬರು ಬೆಂಗಳೂರಿನ ಸಶಸ್ತ್ರ ಮೀಸಲು ಪಡೆಯ ಎಎಸ್‌ಐ. ಮೂರನೆಯವರು ತಲೆಮರೆಸಿಕೊಂಡಿರುವ ಆರೋಪಿಯೊಬ್ಬನ ತಾಯಿ. ಪ್ರಕರಣ ಲಷ್ಕರ್-ಎ-ತಯ್ಬಾ ಎಂಬ ಉಗ್ರ ಸಂಘಟನೆಗೆ ಸಂಬಂಧಿಸಿದ್ದು.

ಓದಿದವರಿಗೆ ಗೊಂದಲವಾಗಿದ್ದು ಸಹಜ. ಒಬ್ಬ ಡಾಕ್ಟರು, ಒಬ್ಬ ಪೊಲೀಸ್, ಒಬ್ಬ ತಾಯಿ. ಮೂವರೂ ಒಂದೇ ಧರ್ಮದವರೂ ಅಲ್ಲ. ಇವರು ಲಷ್ಕರ್ ಕೇಸಿನೊಳಗೆ ಬಂದದ್ದು ಹೇಗೆ? ಟೊಮೆಟೊ ಮಾರುಕಟ್ಟೆಗೆ, ಹಾಲಿಗೆ, ಚಿನ್ನದ ಗಣಿಗೆ ಹೆಸರಾದ ಕೋಲಾರಕ್ಕೂ ಇದಕ್ಕೂ ಏನು ಸಂಬಂಧ? ಅದೇ ವರ್ಷ ನವೆಂಬರ್‌ನಲ್ಲಿ ಗೊಂದಲ ಇನ್ನೂ ಜಾಸ್ತಿಯಾಯಿತು. ಪರಪ್ಪನ ಅಗ್ರಹಾರದ ಕೈದಿಗಳ ಕೈಯಲ್ಲಿ ಮೊಬೈಲ್ ಇರುವ ವಿಡಿಯೊಗಳು ಹೊರಬಂದವು. ಅವರಲ್ಲಿ ಭಯೋತ್ಪಾದನೆ ಆರೋಪಿಯೂ ಇದ್ದ. ಅದರ ಬೆನ್ನಿಗೇ, ನವೆಂಬರ್ 10ರಂದು, ದೆಹಲಿಯ ಕೆಂಪುಕೋಟೆ ಹತ್ತಿರ ಕಾರು ಸ್ಫೋಟಿಸಿ ಹತ್ತಕ್ಕಿಂತ ಹೆಚ್ಚು ಜನ ಸತ್ತರು. ಅಲ್ಲಿಯೂ ಆರೋಪಿಗಳಲ್ಲಿ ಡಾಕ್ಟರುಗಳಿದ್ದರು.

ಈ ಸುದ್ದಿಗಳನ್ನು ಒಂದೊಂದಾಗಿ ಓದಿದರೆ ಭಯ ಬಿಟ್ಟು ಬೇರೇನೂ ಸಿಗುವುದಿಲ್ಲ. ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಇಂಥ ಸಂಚು ನಡೆಯುವುದು ಕಟ್ಟಾ ನಂಬಿಕೆಯವರ ಬಲದಿಂದ ಮಾತ್ರ ಅಲ್ಲ. ನಮ್ಮ ವ್ಯವಸ್ಥೆಯ ಸಣ್ಣಪುಟ್ಟ ತೂತುಗಳೂ ಅದಕ್ಕೆ ಬೇಕು. ಸಂಚು ಸಿಕ್ಕಿಬೀಳುವುದು ಕೂಡ ಹಾಗೆಯೇ, ಯಾರೋ ಗಮನಿಸಿದ ಒಂದು ಸಣ್ಣ ಸುಳಿವಿನಿಂದ.

ಜೈಲಿನೊಳಗೆ ಶುರುವಾದ ಕಥೆ

ಈ ಕೇಸಿನ ಬೇರು 2008ರ ಜುಲೈ 25ರ ಬೆಂಗಳೂರು ಸರಣಿ ಸ್ಫೋಟದವರೆಗೆ ಹೋಗುತ್ತದೆ. ಆ ಸ್ಫೋಟದ ಮುಖ್ಯ ಆರೋಪಿಗಳಲ್ಲಿ ಒಬ್ಬ ಕೇರಳದ ಟಿ. ನಾಸಿರ್. ಅವನು ಪರಪ್ಪನ ಅಗ್ರಹಾರದಲ್ಲಿದ್ದಾಗ, 2017ರ ಒಂದು ಕೊಲೆ ಕೇಸಿನಲ್ಲಿ ಸಿಕ್ಕಿದ್ದ ಕೆಲವು ಯುವಕರೂ ಅದೇ ಜೈಲಿಗೆ ಬಂದರು. ತನಿಖಾ ದಳದ ಆರೋಪ ಏನೆಂದರೆ, ನಾಸಿರ್ ಈ ಯುವಕರನ್ನು ಅಲ್ಲಿಯೇ ಲಷ್ಕರ್ ದಾರಿಗೆ ಎಳೆದ. ಜಾಮೀನಿನ ಮೇಲೆ ಹೊರಬಂದ ಮೇಲೂ ಸಂಪರ್ಕ ಮುಂದುವರಿಯಿತು.

2023ರ ಜುಲೈನಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಐವರನ್ನು ಹಿಡಿದರು. 7 ಪಿಸ್ತೂಲು, 4 ಕೈಬಾಂಬು, 45 ಗುಂಡು, 4 ವಾಕಿಟಾಕಿ ಸಿಕ್ಕವು. ಅಕ್ಟೋಬರ್‌ನಲ್ಲಿ ಕೇಸು ಎನ್‌ಐಎ ಕೈಗೆ ಹೋಯಿತು. ಒಬ್ಬ ಆರೋಪಿಯನ್ನು 2024ರ ನವೆಂಬರ್‌ನಲ್ಲಿ ಆಫ್ರಿಕಾದ ರುವಾಂಡಾದಿಂದ ಕರೆತಂದರು.

ಹಾಗಾದರೆ ಡಾಕ್ಟರು ಮತ್ತು ಎಎಸ್‌ಐ ಎಲ್ಲಿಂದ ಬಂದರು? ಎನ್‌ಐಎ ಹೇಳುವುದು ಹೀಗೆ. ಮನೋವೈದ್ಯರು ಜೈಲಿನೊಳಗೆ ಮೊಬೈಲ್ ಸಾಗಿಸುತ್ತಿದ್ದರು. ನಾಸಿರ್‌ಗೂ ಒಂದು ಸಿಕ್ಕಿತ್ತು. ಎಎಸ್‌ಐ ಹಣ ಪಡೆದು, ನಾಸಿರ್‌ನನ್ನು ಜೈಲಿನಿಂದ ಕೋರ್ಟಿಗೆ ಕರೆದೊಯ್ಯುವ ವಿವರ ಕೊಟ್ಟರು. ಆರೋಪಿಯ ತಾಯಿ ಹಣ ಮತ್ತು ಸಂದೇಶ ತಲುಪಿಸಿದರು. ಇವೆಲ್ಲ ಆರೋಪ. ನಿಜ ಏನೆಂದು ಹೇಳಬೇಕಾದದ್ದು ಕೋರ್ಟು. ಆದರೆ ಆರೋಪದ ಸ್ವರೂಪವನ್ನು ಸ್ವಲ್ಪ ಗಮನಿಸಿ. ಜೈಲಿನೊಳಗೆ ಮೊಬೈಲ್ ಮಾರುವವನು ಭಯೋತ್ಪಾದಕ ಆಗಿರಬೇಕಿಲ್ಲ. ಕೊಳ್ಳುವವನು ಯಾರು, ಆ ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಾನೆ ಅನ್ನುವುದು ಅವನಿಗೆ ಬೇಕಿಲ್ಲದಿದ್ದರೆ ಸಾಕು. ದಿನಾ ನಡೆಯುವ ಲಂಚ ಮತ್ತು ದೇಶದ ಭದ್ರತೆ, ಎರಡೂ ಒಂದೇ ಫೋನಿನಲ್ಲಿ ಸೇರಿಬಿಡುತ್ತವೆ.

ಯಾವ ಹಿಂಸೆಗೆ ಆ ಹೆಸರು?

ಭಯೋತ್ಪಾದನೆ ಅನ್ನುವ ಮಾತನ್ನು ನಾವು ಸಲೀಸಾಗಿ ಬಳಸುತ್ತೇವೆ. ಕಾನೂನಿನಲ್ಲಿ ಅದಕ್ಕೆ ಗೊತ್ತಾದ ಅರ್ಥ ಇದೆ. 1967ರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ, ಅದರ 15ನೇ ಸೆಕ್ಷನ್ ನೋಡುವುದು ಎರಡನ್ನು. ಒಂದು, ಬಾಂಬು, ಬಂದೂಕು, ವಿಷದಂಥ ಸಾಧನ. ಎರಡು, ಉದ್ದೇಶ. ದೇಶದ ಏಕತೆ, ಭದ್ರತೆ, ಆರ್ಥಿಕ ಭದ್ರತೆಗೆ ಧಕ್ಕೆ ತರುವ ಅಥವಾ ಜನರಲ್ಲಿ, ಜನರ ಒಂದು ವರ್ಗದಲ್ಲಿ ಭೀತಿ ಹುಟ್ಟಿಸುವ ಉದ್ದೇಶ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ ಸೆಕ್ಷನ್ ಕೂಡ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ.

"ಜನರ ಒಂದು ವರ್ಗದಲ್ಲಿ ಭೀತಿ" ಅಂದಾಗ ಈ ಭಾಗದವರಿಗೆ ಕಂಬಾಲಪಲ್ಲಿ ನೆನಪಾಗಬೇಕು. ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಮನೆಯೊಳಗೆ ಕೂಡಿ ಬೆಂಕಿ ಹಚ್ಚಿ ಕೊಂದರು. ಅವತ್ತು ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಆ ಬೆಂಕಿ ಎಷ್ಟು ಊರುಗಳ ದಲಿತ ಕೇರಿಗಳಲ್ಲಿ ಭಯ ತುಂಬಿತು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಅದನ್ನು ಯಾರೂ ಭಯೋತ್ಪಾದನೆ ಎಂದು ಕರೆಯಲಿಲ್ಲ. ಅದು ಜಾತಿ ಗಲಾಟೆಯ ಲೆಕ್ಕಕ್ಕೆ ಹೋಯಿತು.

ಹೆಸರಿನಲ್ಲಿ ಏನಿದೆ ಅನ್ನಬಹುದು. ತುಂಬಾ ಇದೆ. ಆ ಹೆಸರು ಬಿದ್ದರೆ ಕೇಂದ್ರದ ತನಿಖಾ ದಳ ಬರುತ್ತದೆ, ವಿಶೇಷ ಕೋರ್ಟು ಬರುತ್ತದೆ, ಸಾಕ್ಷಿಗೆ ರಕ್ಷಣೆ ಸಿಗುತ್ತದೆ. ಜಾಮೀನು ಸಿಗುವುದು ಕಷ್ಟವಾಗುತ್ತದೆ. ಹೆಸರು ಬೀಳದಿದ್ದರೆ ಅದೇ ಹಳೆಯ ಠಾಣೆ, ಅದೇ ಹಳೆಯ ಒತ್ತಡ. ಹಾಗಾಗಿ ಯಾವ ಹಿಂಸೆಗೆ ಆ ಹೆಸರು ಕೊಡುತ್ತೇವೆ ಅನ್ನುವುದು ಬರೀ ಪದದ ವಿಚಾರ ಅಲ್ಲ.

ಹೆದ್ದಾರಿ, ಆಧಾರ್, ಜಿಲೆಟಿನ್

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹೆಸರು ಇಂಥ ತನಿಖೆಗಳಲ್ಲಿ ಆಗಾಗ ಬರುತ್ತದೆ. ಇಲ್ಲಿನ ಜನರಲ್ಲಿ ಏನೋ ಇದೆ ಅನ್ನುವುದು ಅದರ ಅರ್ಥ ಅಲ್ಲ. ಮುಖ್ಯ ಕಾರಣ ಭೂಗೋಳ. ಮೂರೂ ಜಿಲ್ಲೆಗಳು ಬೆಂಗಳೂರಿನ ಹೆಬ್ಬಾಗಿಲುಗಳು. ಹೈದರಾಬಾದಿನ ರಸ್ತೆ ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಹೋಗುತ್ತದೆ. ಆಂಧ್ರ ಮತ್ತು ಚೆನ್ನೈ ಕಡೆಗೆ ಕೋಲಾರ, ಮುಳಬಾಗಿಲು. ಪುಣೆ, ಮುಂಬೈ ಕಡೆಗೆ ತುಮಕೂರು, ಶಿರಾ. ರಾಜಧಾನಿಗೆ ಬರುವ ತರಕಾರಿ, ಹಾಲು, ಕೂಲಿ ಎಲ್ಲಾ ಈ ದಾರಿಯಲ್ಲೇ ಬರಬೇಕು. ತಪ್ಪಿಸಿಕೊಂಡು ಹೋಗುವವನೂ ಇದೇ ದಾರಿ ಹಿಡಿಯುತ್ತಾನೆ.

2024ರ ಮಾರ್ಚ್ 1ರಂದು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆಯಿತಲ್ವಾ? ಬಾಂಬ್ ಇಟ್ಟವನು ಬಸ್ಸು ಬದಲಿಸುತ್ತಾ ತುಮಕೂರು ಮೂಲಕ ಬಳ್ಳಾರಿ ಕಡೆಗೆ ಹೋದ ಎಂದು ಆಗ ವರದಿಯಾಗಿತ್ತು. ತನಿಖೆಯವರು ಬಸ್ ನಿಲ್ದಾಣಗಳ ಸಿಸಿಟಿವಿ ದೃಶ್ಯಗಳನ್ನು ಜಾಲಾಡಿದರು. ಕೊನೆಗೆ ಏಪ್ರಿಲ್ 12ರಂದು ಇಬ್ಬರು ಮುಖ್ಯ ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಸಿಕ್ಕರು.

2022ರ ನವೆಂಬರ್ 19ರ ಮಂಗಳೂರು ಕುಕ್ಕರ್ ಸ್ಫೋಟದಲ್ಲಿ ತುಮಕೂರಿನ ಹೆಸರು ಬಂದ ರೀತಿ ಬೇರೆ. ಆಟೋದಲ್ಲಿ ಸುಟ್ಟುಕೊಂಡಿದ್ದ ಆರೋಪಿಯ ಹತ್ತಿರ ಒಂದು ಆಧಾರ್ ಕಾರ್ಡ್ ಇತ್ತು. ಅದು ತುಮಕೂರಿನಲ್ಲಿ ಕೆಲಸ ಮಾಡುತ್ತಿದ್ದ ಹುಬ್ಬಳ್ಳಿ ಕಡೆಯ ರೈಲ್ವೆ ನೌಕರರೊಬ್ಬರದ್ದು. ಅವರು ಅದನ್ನು ಮೊದಲೇ ಕಳೆದುಕೊಂಡಿದ್ದರು. ಪೊಲೀಸರು ವಿಚಾರಿಸಿದರು, ಅವರಿಗೂ ಸ್ಫೋಟಕ್ಕೂ ಸಂಬಂಧ ಇಲ್ಲವೆಂದು ಖಚಿತ ಮಾಡಿಕೊಂಡರು, ಅದನ್ನು ಹೊರಗೂ ಹೇಳಿದರು. ಕಾರ್ಡಿನ ಹೆಸರು ನೋಡಿ ಯಾರೋ ಅವಸರದ ತೀರ್ಮಾನಕ್ಕೆ ಬಂದಿದ್ದರೆ ಒಬ್ಬ ಅಮಾಯಕನ ಬದುಕು ಹಾಳಾಗುತ್ತಿತ್ತು. ನಿಜವಾದ ಆರೋಪಿಯ ಜಾಡು ಕೂಡ ತಪ್ಪುತ್ತಿತ್ತು.

ಅದಕ್ಕೂ ಮೊದಲು, 2016ರ ಜನವರಿಯಲ್ಲಿ, ಐಸಿಸ್ ಮಾದರಿಯಲ್ಲಿ ಗುಂಪು ಕಟ್ಟುತ್ತಿದ್ದರು ಎಂದು ದೇಶದ ಹಲವು ಊರುಗಳಲ್ಲಿ ಬಂಧನವಾದಾಗ ತುಮಕೂರಿನವನೂ ಒಬ್ಬ ಇದ್ದ. ಅವರಲ್ಲಿ ಹಲವರನ್ನು ಹೊರದೇಶದಲ್ಲಿದ್ದ ಒಬ್ಬ ವ್ಯಕ್ತಿ ಸಾಮಾಜಿಕ ಜಾಲತಾಣಗಳ ಮೂಲಕವೇ ಸಂಪರ್ಕಿಸಿದ್ದ. 2020ರ ಅಕ್ಟೋಬರ್‌ನಲ್ಲಿ ದೆಹಲಿಯ ವಿಶೇಷ ಕೋರ್ಟು ಆ ಪ್ರಕರಣದಲ್ಲಿ 15 ಜನರಿಗೆ ಶಿಕ್ಷೆ ಕೊಟ್ಟಿತು.

ಇನ್ನೊಂದು ತೂತು ಇದೆ, ಅದರ ಬಗ್ಗೆ ಮಾತು ಕಮ್ಮಿ. ಕಲ್ಲು ಕ್ವಾರಿಗಳು. ಚಿಕ್ಕಬಳ್ಳಾಪುರ ಮತ್ತು ಕೋಲಾರದ ಬೆಟ್ಟಗಳನ್ನು ಸೀಳುವುದು ಜಿಲೆಟಿನ್ ಕಡ್ಡಿ ಮತ್ತು ಡಿಟೋನೇಟರ್. ಇವಕ್ಕೆ ಲೈಸೆನ್ಸ್ ಬೇಕು, ದಾಸ್ತಾನು ಪುಸ್ತಕ ಬೇಕು, ಬಳಸಿದ ಪ್ರತಿ ಕಡ್ಡಿಗೂ ಲೆಕ್ಕ ಬೇಕು. 2021ರ ಫೆಬ್ರವರಿ 23ರ ನಸುಕಿಗೆ ಮೊದಲೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಆರು ಜನ ಛಿದ್ರವಾಗಿ ಸತ್ತರು. ಪೊಲೀಸರ ಕಣ್ಣಿಗೆ ಬೀಳಬಾರದೆಂದು ಕ್ವಾರಿಯ ಜಿಲೆಟಿನ್ ಅನ್ನು ಕತ್ತಲಲ್ಲಿ ಸಾಗಿಸಿ ಮುಗಿಸಲು ಹೊರಟಾಗ ಆದ ದುರಂತ ಅದು. ಅಲ್ಲಿ ಯಾವ ಉಗ್ರರೂ ಇರಲಿಲ್ಲ. ಆದರೆ ಲೆಕ್ಕಕ್ಕೆ ಸಿಗದ ಸ್ಫೋಟಕ ಗುಡ್ಡದ ಮೇಲೆ ಇತ್ತು ಅನ್ನುವುದು ನಿಜ. ಲೆಕ್ಕಕ್ಕೆ ಸಿಗದ್ದು ಯಾರ ಕೈಗೆ ಬೇಕಾದರೂ ಹೋಗಬಹುದು.

ಒಬ್ಬ ಹೇಗೆ ಆ ದಾರಿ ಹಿಡಿಯುತ್ತಾನೆ?

ಬಡತನದಿಂದ ಅನ್ನುವುದು ಎಲ್ಲರೂ ಕೊಡುವ ಮೊದಲ ಉತ್ತರ. ಓದಿಲ್ಲದವರು ಅನ್ನುವುದು ಎರಡನೆಯದು. ಎರಡೂ ಪೂರ್ತಿ ಸರಿಯಲ್ಲ. 2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದ ಕಫೀಲ್ ಅಹ್ಮದ್ ಬೆಂಗಳೂರಿನವನು, ಎಂಜಿನಿಯರ್. ದೆಹಲಿ ಪ್ರಕರಣದ ಡಾಕ್ಟರುಗಳೂ ಓದಿದವರೇ. ಈ ವಿಷಯವನ್ನು ದಶಕಗಳಿಂದ ನೋಡುತ್ತಾ ಬಂದಿರುವ ಸಂಶೋಧಕರು ಸಾಮಾನ್ಯವಾಗಿ ಒಪ್ಪುವ ಮಾತು ಏನೆಂದರೆ, ಇಂಥವನೇ ಉಗ್ರ ಆಗುತ್ತಾನೆ ಅನ್ನುವ ಒಂದು ಅಚ್ಚು ಇಲ್ಲ.

ಅಚ್ಚು ಇಲ್ಲದಿದ್ದರೂ ದಾರಿ ಇದೆ. ಮೊದಲು ಒಂದು ಗಾಯ ಇರುತ್ತದೆ. ಅವಮಾನ, ಅನ್ಯಾಯ, ತನ್ನವರಿಗೆ ಆದ ನೋವು. ಅದು ನಿಜವಾದದ್ದೂ ಇರಬಹುದು, ಯಾರೋ ತಲೆಗೆ ತುಂಬಿದ್ದೂ ಇರಬಹುದು. ಆಮೇಲೆ ಆ ಗಾಯಕ್ಕೆ ವಿವರಣೆ ಕೊಡುವವನು ಸಿಗುತ್ತಾನೆ: "ಇದಕ್ಕೆಲ್ಲ ಕಾರಣ ಇಂಥವರು." ಮೂರನೆಯದಾಗಿ ಒಂದು ಸಣ್ಣ ಬಳಗ. ತನಿಖೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು. ಗೆಳೆಯ, ಅಣ್ಣ, ಬಾಮೈದ, ಜೈಲಿನ ಜೊತೆಗಾರ. ಎಷ್ಟೋ ಸಲ ಸಿದ್ಧಾಂತಕ್ಕಿಂತ ಮೊದಲು ಸ್ನೇಹ ಬರುತ್ತದೆ. ಹೊಸ ಬಳಗ ಗಟ್ಟಿಯಾದಷ್ಟೂ ಹಳೆಯ ಸಂಬಂಧಗಳು ಕಡಿದುಹೋಗುತ್ತವೆ. ಬೇರೆ ಮಾತು ಕಿವಿಗೆ ಬೀಳುವುದೇ ನಿಂತುಹೋಗುತ್ತದೆ.

ಇದು ಯಾವುದೋ ಒಂದು ಧರ್ಮದ ವಿಷಯ ಅಲ್ಲ. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆಯಾಯಿತು. ಆ ತನಿಖೆ ಮಾಡಿದ ಎಸ್‌ಐಟಿ ತನ್ನ ಆರೋಪಪಟ್ಟಿಯಲ್ಲಿ ವಿವರಿಸಿದ್ದೂ ಇಂಥದ್ದೇ ಒಂದು ಗುಟ್ಟಿನ ಜಾಲ. ಅವರ ಪ್ರಕಾರ ಅದರಲ್ಲಿದ್ದವರು ಹಿಂದುತ್ವದ ಕಟ್ಟಾ ವಾದಿಗಳು. ನಕ್ಸಲ್ ಗುಂಪುಗಳಿಗೆ ಧರ್ಮವೇ ಇರಲಿಲ್ಲ. ಬಾಯಲ್ಲಿ ಹೇಳುವುದು ಬೇರೆ ಬೇರೆ, ಬಳಗ ಕಟ್ಟುವ ವಿಧಾನ ಒಂದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕಟುವಾಗಿ ಮಾತಾಡುವವರು ಸಾವಿರ ಜನ ಇದ್ದರೆ ಅವರಲ್ಲಿ ಕೈಗೆ ಆಯುಧ ತೆಗೆದುಕೊಳ್ಳುವವರು ತೀರಾ ವಿರಳ. ಒಂದೊಂದು ಸಲ ಮಾತೇ ಆಡದವನು ನೇರವಾಗಿ ಕೃತ್ಯಕ್ಕೆ ಇಳಿಯುತ್ತಾನೆ. ವಿಚಾರ ಬೇರೆ, ಕೃತ್ಯ ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಗ್ಲಾಸ್ಗೋ ಪ್ರಕರಣದ ಇನ್ನೊಂದು ಕೊಂಡಿ ನೋಡಿ. ಡಾ. ಮೊಹಮ್ಮದ್ ಹನೀಫ್ ಕರ್ನಾಟಕದವರು, ಕಫೀಲನ ದೂರದ ಸಂಬಂಧಿ, ಆಸ್ಟ್ರೇಲಿಯಾದಲ್ಲಿ ಕೆಲಸದಲ್ಲಿದ್ದರು. ಬ್ರಿಟನ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಕಫೀಲನ ತಮ್ಮನಿಗೆ ಕೊಟ್ಟುಬಂದಿದ್ದರು, ಅಷ್ಟೇ. 2007ರ ಜುಲೈ 2ರಂದು ಬ್ರಿಸ್ಬೇನ್‌ನಲ್ಲಿ ಅವರನ್ನು ಬಂಧಿಸಿದರು. ಸಿಮ್ ದಾಳಿಯ ಜೀಪಿನಲ್ಲಿ ಸಿಕ್ಕಿತು ಅಂದರು. ಅದು ಸುಳ್ಳಾಯಿತು. ಜುಲೈ 27ರಂದು ಆರೋಪ ಕೈಬಿಟ್ಟರು. ಮುಂದೆ ಆಸ್ಟ್ರೇಲಿಯಾ ಸರ್ಕಾರವೇ ವಿಚಾರಣೆ ಮಾಡಿಸಿ ತಪ್ಪು ಒಪ್ಪಿಕೊಂಡು ಪರಿಹಾರ ಕೊಟ್ಟಿತು. ಒಂದೇ ಬಂಧುಬಳಗ, ಒಂದೇ ಧರ್ಮ, ಒಳ್ಳೆಯ ಓದು. ಒಬ್ಬ ದಾಳಿ ಮಾಡಿದ, ಇನ್ನೊಬ್ಬರು ನಿರಪರಾಧಿ.

ಯಾರ ಕೆಲಸ ಯಾವುದು

ಸುದ್ದಿಯಲ್ಲಿ ಎನ್‌ಐಎ, ಐಬಿ, ಎಟಿಎಸ್ (ಭಯೋತ್ಪಾದನೆ ನಿಗ್ರಹ ದಳ), ರಾ ಎಂದು ಹೆಸರುಗಳು ಓಡಾಡುತ್ತವೆ. ಎಲ್ಲಾ ಒಂದೇ ಅನ್ನಿಸುತ್ತದೆ. ಅಲ್ಲ.

ಐಬಿ ಅಂದರೆ ಗುಪ್ತಚರ ದಳ. 1887ರಲ್ಲಿ ಬ್ರಿಟಿಷರು ಶುರು ಮಾಡಿದ್ದು. ದೇಶದೊಳಗಿನ ಮಾಹಿತಿ ಕಲೆಹಾಕುವುದು ಅದರ ಕೆಲಸ. ಬಂಧಿಸುವ ಅಧಿಕಾರ ಅದಕ್ಕಿಲ್ಲ. ರಾ ಹುಟ್ಟಿದ್ದು 1968ರಲ್ಲಿ, ಅದು ಹೊರದೇಶದ ಮಾಹಿತಿಗೆ. ಎನ್‌ಐಎ ಇವೆರಡಕ್ಕಿಂತ ಬೇರೆ. 166 ಜನರನ್ನು ಬಲಿ ತೆಗೆದುಕೊಂಡ 2008ರ ನವೆಂಬರ್ 26ರ ಮುಂಬೈ ದಾಳಿಯ ಮರುತಿಂಗಳು ಸಂಸತ್ತು ಕಾಯ್ದೆ ಮಾಡಿ ಹುಟ್ಟಿಸಿದ್ದು. ಅದು ತನಿಖೆ ಮಾಡುವ ಪೊಲೀಸ್. ಎಫ್‌ಐಆರ್ ಹಾಕುತ್ತದೆ, ಬಂಧಿಸುತ್ತದೆ, ಆರೋಪಪಟ್ಟಿ ಸಲ್ಲಿಸುತ್ತದೆ. ರಾಜ್ಯದಲ್ಲಿ ಗುಪ್ತವಾರ್ತೆ ವಿಭಾಗ ಮತ್ತು ಆಂತರಿಕ ಭದ್ರತಾ ವಿಭಾಗ ಇವೆ. ಜಿಲ್ಲೆಯಲ್ಲಿ ಎಸ್‌ಪಿ ಕಚೇರಿಯ ಸ್ಪೆಷಲ್ ಬ್ರಾಂಚ್. ಅದರ ಕೆಳಗೆ ಠಾಣೆಯ ಬೀಟ್ ಕಾನ್‌ಸ್ಟೇಬಲ್.

ಮಾಹಿತಿ ಬೇರೆ, ಸಾಕ್ಷಿ ಬೇರೆ. "ಆ ಮನೆಗೆ ಹೊಸಬರು ಬಂದಿದ್ದಾರೆ, ರಾತ್ರಿ ಹೊತ್ತು ಓಡಾಟ ಇದೆ" ಅನ್ನುವುದು ಮಾಹಿತಿ. ಅದು ಹರಕುಮುರುಕು, ಸುಳ್ಳೂ ಇರಬಹುದು. ಕೋರ್ಟಿನಲ್ಲಿ ನಿಲ್ಲುವುದು ಸಾಕ್ಷಿ ಮಾತ್ರ. ಗುಪ್ತಚರರು ಹರಕು ತುಂಡುಗಳನ್ನು ಒಟ್ಟು ಸೇರಿಸುತ್ತಾರೆ. ತನಿಖೆಯವರು ಅದರಿಂದ ಸಾಕ್ಷಿ ಹುಡುಕುತ್ತಾರೆ. ಮುಂಬೈ ದಾಳಿಗೆ ಮೊದಲು ಸಮುದ್ರದ ಕಡೆಯಿಂದ ಅಪಾಯ ಇದೆ ಅನ್ನುವ ಸುಳಿವುಗಳು ಬಂದಿದ್ದವು. ತುಂಡುಗಳು ಬೇರೆ ಬೇರೆ ಕಚೇರಿಗಳಲ್ಲಿ ಉಳಿದವು. ಆಮೇಲೆ ಎಲ್ಲಾ ಸಂಸ್ಥೆಗಳು ದಿನವೂ ಮಾಹಿತಿ ಹಂಚಿಕೊಳ್ಳುವ ಮ್ಯಾಕ್, ಅಂದರೆ ಮಲ್ಟಿ ಏಜೆನ್ಸಿ ಸೆಂಟರ್, ಅನ್ನುವ ಕೇಂದ್ರವನ್ನು ಗಟ್ಟಿ ಮಾಡಿದ್ದು ಇದೇ ಕಾರಣಕ್ಕೆ.

ತುಂಡು ಎಷ್ಟು ಸಣ್ಣದಿರುತ್ತದೆ ಗೊತ್ತೇ? 2025ರ ಅಕ್ಟೋಬರ್‌ನಲ್ಲಿ ಶ್ರೀನಗರದ ನೌಗಾಮ್‌ನಲ್ಲಿ ಗೋಡೆಗಳ ಮೇಲೆ ಜೈಷ್-ಎ-ಮೊಹಮ್ಮದ್ ಎಂಬ ಉಗ್ರ ಸಂಘಟನೆಯ ಹೆಸರಿನ ಬೆದರಿಕೆ ಪೋಸ್ಟರುಗಳು ಕಂಡವು. ಕಾಶ್ಮೀರದಲ್ಲಿ ಇದು ಹೊಸದಲ್ಲ. ಕಿತ್ತುಹಾಕಿ ಸುಮ್ನೆ ಹೋಗಬಹುದಿತ್ತು. ಅಲ್ಲಿನ ಪೊಲೀಸರು ಸಿಸಿಟಿವಿ ನೋಡಿ ಅಂಟಿಸಿದವರನ್ನು ಹಿಡಿದರು. ಅವರಿಂದ ಒಬ್ಬ ಧರ್ಮಬೋಧಕ, ಅವನಿಂದ ಡಾಕ್ಟರುಗಳು, ಅವರಿಂದ ಹರಿಯಾಣದ ಫರೀದಾಬಾದ್. ಒಟ್ಟು ಸುಮಾರು 2,900 ಕಿಲೊ ಸ್ಫೋಟಕ ಸಾಮಗ್ರಿ ಸಿಕ್ಕಿತು. ದೆಹಲಿಯ ಕಾರು ಸ್ಫೋಟ ತಪ್ಪಲಿಲ್ಲ. ಆದರೆ ಆ ಪೋಸ್ಟರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅಷ್ಟೂ ಸಾಮಗ್ರಿ ಹೊರಗೇ ಇರುತ್ತಿತ್ತು.

ಒಂದು ಲೆಕ್ಕ ಹಾಕಿ ನೋಡೋಣ

ಎಲ್ಲರ ಫೋನು, ಎಲ್ಲರ ಬರಹ ನೋಡಿಬಿಟ್ಟರೆ ಉಗ್ರರು ಸಿಗುವುದಿಲ್ಲವೇ? ಕೇಳಲು ಸರಿ ಅನ್ನಿಸುತ್ತದೆ. ಲೆಕ್ಕ ಬೇರೆ ಹೇಳುತ್ತದೆ.

2011ರ ಜನಗಣತಿ ಪ್ರಕಾರ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸೇರಿ ಸುಮಾರು 55 ಲಕ್ಷ ಜನ. ಲೆಕ್ಕಕ್ಕೆ ಅಂತ ಅವರಲ್ಲಿ 55 ಜನ ನಿಜಕ್ಕೂ ಅಪಾಯಕಾರಿ ಅಂದುಕೊಳ್ಳೋಣ. ನೂರಕ್ಕೆ 99 ಸಲ ಸರಿಯಾಗಿ ಹೇಳುವ ಒಂದು ಯಂತ್ರ ಇದೆ ಅಂದುಕೊಳ್ಳೋಣ. ಅಂಥ ಯಂತ್ರ ಎಲ್ಲೂ ಇಲ್ಲ, ಇರಲಿ. ಅದು ಆ 55ರಲ್ಲಿ 54 ಜನರನ್ನು ತೋರಿಸುತ್ತದೆ. ಜೊತೆಗೆ ಉಳಿದವರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ತೋರಿಸುತ್ತದೆ. ಅಂದರೆ 55 ಸಾವಿರ ನಿರಪರಾಧಿಗಳು. ಹೆಚ್ಚುಕಡಿಮೆ ಇಡೀ ಚಿಕ್ಕಬಳ್ಳಾಪುರ ಪಟ್ಟಣದಷ್ಟು ಜನ. ಒಬ್ಬ ನಿಜವಾದವನಿಗೆ ಸಾವಿರ ಜನ ಅಮಾಯಕರು. ಅಷ್ಟು ಜನರ ಹಿಂದೆ ಅಲೆಯುತ್ತಾ ಪೊಲೀಸರು ಆ 54 ಜನರನ್ನೇ ಕಳೆದುಕೊಳ್ಳುತ್ತಾರೆ.

ಇದಕ್ಕೇ ಅನುಭವಿ ಅಧಿಕಾರಿಗಳು ಬಲೆ ಬೀಸುವುದಕ್ಕಿಂತ ಸುಳಿವಿನಿಂದ ಹೊರಡುವುದನ್ನು ಇಷ್ಟಪಡುವುದು. ಸುಳಿವು ಎಲ್ಲಿಂದ ಬರುತ್ತದೆ? ಮನೆ ಬಾಡಿಗೆಗೆ ಕೊಟ್ಟವರಿಂದ, ರಸಗೊಬ್ಬರದ ಅಂಗಡಿಯವರಿಂದ, ಮಸೀದಿಯ ಕಮಿಟಿಯವರಿಂದ, ಮಗ ಬದಲಾಗಿದ್ದಾನೆ ಎಂದು ಕಂಗಾಲಾದ ಅಪ್ಪನಿಂದ. ಆ ಅಪ್ಪ ಠಾಣೆಗೆ ಬರಬೇಕಾದರೆ ಒಂದು ನಂಬಿಕೆ ಬೇಕು. ಹೇಳಿದರೆ ಮಗನನ್ನು ಉಳಿಸುತ್ತಾರೆ, ಇಡೀ ಮನೆಯನ್ನು ಮುಗಿಸುವುದಿಲ್ಲ ಅನ್ನುವ ನಂಬಿಕೆ. ಒಂದು ಬೀದಿಯನ್ನು, ಒಂದು ಸಮುದಾಯವನ್ನು ಸಾರಾಸಗಟಾಗಿ ಅನುಮಾನಿಸಿದರೆ ಮೊದಲು ಬತ್ತುವುದು ಇದೇ ಸೆಲೆ. ಟಿವಿ ಚರ್ಚೆಗಳಲ್ಲಿ ಈ ನಷ್ಟದ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಬ್ರಿಟನ್‌ನಲ್ಲಿ ಇಂಥ ಯುವಕರನ್ನು ಮೊದಲೇ ಗುರುತಿಸಿ ಸರಿದಾರಿಗೆ ತರಲು 'ಪ್ರಿವೆಂಟ್' ಎಂಬ ಯೋಜನೆ ಇದೆ. ಅದು ಮುಸ್ಲಿಮರ ಮೇಲೆ ಬೇಹು ನಡೆಸುತ್ತದೆ ಅನ್ನುವ ದೂರು ಹಳೆಯದು. ಇನ್ನೊಂದು ಕಡೆ, 2024ರ ಜುಲೈನಲ್ಲಿ ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರನ್ನು ಇರಿದು ಕೊಂದ ಹುಡುಗನ ಬಗ್ಗೆ ಆ ಯೋಜನೆಗೆ ಮೂರು ಸಲ ದೂರು ಹೋಗಿತ್ತು. ಅವನಿಗೆ ಗೊತ್ತಾದ ಸಿದ್ಧಾಂತ ಇಲ್ಲ ಎಂದು ಕೈಬಿಟ್ಟಿದ್ದರು. ಸಿದ್ಧಾಂತವನ್ನೇ ಹುಡುಕುತ್ತಾ ಕೂತವರಿಗೆ ಹಿಂಸೆಯ ಗೀಳು ಕಾಣಲಿಲ್ಲ.

ಜಗಳ ಎಲ್ಲಿದೆ

ಕಾನೂನಿನ ಬಗ್ಗೆ ಎರಡು ಬಣಗಳಿವೆ. ಮೊದಲನೆಯವರ ಮಾತು ಹೀಗೆ: ಬಾಂಬ್ ಸಿಡಿದ ಮೇಲೆ ಹಿಡಿದು ಪ್ರಯೋಜನ ಇಲ್ಲ, ಮೊದಲೇ ತಡೆಯಬೇಕು. ಸಾಕ್ಷಿಗಳು ಹೆದರುತ್ತಾರೆ, ಕೊಂಡಿಗಳು ಹೊರದೇಶದಲ್ಲಿರುತ್ತವೆ, ಹಾಗಾಗಿ ಸಮಯ ಬೇಕು. ಯುಎಪಿಎ ಅಡಿ ಆರೋಪಪಟ್ಟಿಗೆ 180 ದಿನದವರೆಗೆ ಅವಕಾಶ ಕೊಟ್ಟಿರುವುದು ಅದಕ್ಕೆ. ಮೇಲ್ನೋಟಕ್ಕೆ ಆರೋಪ ನಿಜ ಅನ್ನಿಸಿದರೆ ಜಾಮೀನು ಕೊಡುವಂತಿಲ್ಲ ಅನ್ನುವ ಅದರ 43ಡಿ(5) ಸೆಕ್ಷನ್ ಕೂಡ ಅದಕ್ಕೇ. ನಾಸಿರ್ ಪ್ರಕರಣವನ್ನೇ ಇವರು ತೋರಿಸುತ್ತಾರೆ. ಜಾಮೀನಿನ ಮೇಲೆ ಹೊರಬಂದವರ ಮನೆಯಲ್ಲೇ ಅಲ್ವಾ ಕೈಬಾಂಬು ಸಿಕ್ಕಿದ್ದು?

ಎರಡನೆಯವರ ಮಾತೂ ತೂಕದ್ದೇ. ವಿಚಾರಣೆ ಮುಗಿಯಲು ಹತ್ತು, ಹದಿನೈದು ವರ್ಷ ಹಿಡಿಯುವ ದೇಶದಲ್ಲಿ ಜಾಮೀನು ಇಲ್ಲವೆಂದರೆ ತೀರ್ಪಿಗೆ ಮೊದಲೇ ಶಿಕ್ಷೆ. 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಬಂಧನವಾದ ಯುವ ಪತ್ರಕರ್ತರೊಬ್ಬರ ಮೇಲೆ ಸಾಕ್ಷಿ ಇಲ್ಲ ಎಂದು ಎನ್‌ಐಎಯೇ ಹೇಳಿತು. ಅವರು ಹೊರಬಂದಿದ್ದು 2013ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಅವರ ಹೆಸರು ಮುಖಪುಟಗಳಲ್ಲಿ ಬಂದು ಹೋಗಿತ್ತು. ಸುಪ್ರೀಂ ಕೋರ್ಟಿನಲ್ಲೂ ಎರಡು ಧಾಟಿ ಕಾಣುತ್ತದೆ. 2019ರ ವಟಾಲಿ ತೀರ್ಪು ಜಾಮೀನಿನ ಬಾಗಿಲನ್ನು ಬಿಗಿ ಮಾಡಿತು. 2021ರ ನಜೀಬ್ ತೀರ್ಪು, ವಿಚಾರಣೆ ವಿಪರೀತ ತಡವಾದರೆ ಜಾಮೀನು ಕೊಡಬಹುದು ಎಂದಿತು.

ನನಗೆ ಕಾಣುವಂತೆ ಈ ಜಗಳಕ್ಕೆ ಉತ್ತರ ಜಾಮೀನಿನಲ್ಲಿ ಇಲ್ಲ, ವಿಚಾರಣೆಯ ವೇಗದಲ್ಲಿದೆ. ಎರಡು ವರ್ಷದಲ್ಲಿ ತೀರ್ಪು ಬರುವಂತಾದರೆ ಎರಡೂ ಬಣಗಳ ಅರ್ಧ ಆತಂಕ ಕಳೆಯುತ್ತದೆ. ಅದಕ್ಕೆ ಬೇಕಿರುವುದು ಜಾಸ್ತಿ ಕೋರ್ಟು, ಜಾಸ್ತಿ ಪ್ರಾಸಿಕ್ಯೂಟರು, ಬೇಗ ವರದಿ ಕೊಡುವ ವಿಧಿವಿಜ್ಞಾನ ಪ್ರಯೋಗಾಲಯ. ಹೊಸ ಕಾನೂನು ಮಾಡಿದಷ್ಟು ಸುದ್ದಿ ಇದರಿಂದ ಆಗುವುದಿಲ್ಲ.

ಗುಪ್ತಚರ ಸಂಸ್ಥೆಗಳ ಮೇಲೆ ಯಾರ ಕಣ್ಣು ಅನ್ನುವುದು ಇನ್ನೊಂದು ಪ್ರಶ್ನೆ. ಐಬಿ ಮತ್ತು ರಾಗೆ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆಯೇ ಇಲ್ಲ. ಬ್ರಿಟನ್‌ನಲ್ಲಿ ಸಂಸದರ ಸಮಿತಿಯೊಂದು ಅಲ್ಲಿನ ಸಂಸ್ಥೆಗಳನ್ನು ಪರಿಶೀಲಿಸುತ್ತದೆ. ಇಲ್ಲಿ 2011ರಲ್ಲಿ ಸಂಸದ ಮನೀಶ್ ತಿವಾರಿ ಇಂಥದ್ದೊಂದು ಖಾಸಗಿ ಮಸೂದೆ ತಂದಿದ್ದರು. ಅದು ಕಾಯ್ದೆ ಆಗಲಿಲ್ಲ.

ಪಾವಗಡದಿಂದ ಮರಳಿದ ದಾರಿ

ಹಿಂಸೆಯ ದಾರಿಯಿಂದ ವಾಪಸು ಬರಲು ಆಗುತ್ತದೆಯೇ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 2005ರ ಫೆಬ್ರವರಿ 10ರ ರಾತ್ರಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿ ಮೇಲೆ ನಕ್ಸಲರು ದಾಳಿ ಮಾಡಿದರು. ಪೊಲೀಸರ ಜೊತೆ ಒಬ್ಬ ನಾಗರಿಕನೂ ಸತ್ತ. ಅದಕ್ಕೆ ನಾಲ್ಕು ದಿನ ಮೊದಲು ಚಿಕ್ಕಮಗಳೂರು ಜಿಲ್ಲೆಯಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಪಾವಗಡ ಬರದ ನಾಡು, ಮೂರು ಕಡೆ ಆಂಧ್ರ. ಆಚೆಯ ಗುಂಪುಗಳಿಗೆ ಬಂದು ಹೋಗುವುದು ಸುಲಭವಾಗಿತ್ತು.

ಇಪ್ಪತ್ತು ವರ್ಷದ ನಂತರ, 2025ರ ಜನವರಿ 8ರಂದು, ಆರು ಜನ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಮುಂದೆ ಶರಣಾದರು. ಫೆಬ್ರವರಿ ಆರಂಭದಲ್ಲಿ ಉಳಿದ ಇಬ್ಬರೂ ಬಂದರು. ಇದರ ಹಿಂದೆ ಪೊಲೀಸ್ ಒತ್ತಡ ಇತ್ತು. 2024ರ ನವೆಂಬರ್‌ನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹೆಬ್ರಿ ಕಾಡಿನಲ್ಲಿ ಹತನಾಗಿದ್ದ. ಆದರೆ ಒತ್ತಡ ಒಂದೇ ಸಾಕಾಗಿರಲಿಲ್ಲ. ಸರ್ಕಾರದ ಶರಣಾಗತಿ ಸಮಿತಿ, ಶಾಂತಿಗಾಗಿ ನಾಗರಿಕ ವೇದಿಕೆಯವರು ಮಧ್ಯೆ ನಿಂತು ಮಾತಾಡಿದರು. ಅವರ ಮಾತನ್ನು ಕಾಡಿನಲ್ಲಿದ್ದವರು ನಂಬಿದರು. ಬಂದರೆ ಕೊಲ್ಲುವುದಿಲ್ಲ, ಕೇಸುಗಳು ಕಾನೂನಿನ ಪ್ರಕಾರ ನಡೆಯುತ್ತವೆ, ಬದುಕಲು ನೆರವು ಸಿಗುತ್ತದೆ ಅನ್ನುವ ಭರವಸೆ ಇತ್ತು. ಎನ್‌ಕೌಂಟರ್ ಸಾಕು, ಮಾತುಕತೆ ಯಾಕೆ ಎಂದವರೂ ಇದ್ದರು. ಸತ್ತ ಪೊಲೀಸರ ಮನೆಯವರ ನೋವಿನ ಮುಂದೆ ಆ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಆದರೂ ರಾಜ್ಯದಲ್ಲಿ ಒಂದು ಸಶಸ್ತ್ರ ಗುಂಪು ಮುಗಿದಿದ್ದು ಹಾಗೆ. ಜೈಲಿನಲ್ಲಿ, ಜಾಲತಾಣದಲ್ಲಿ ದಾರಿ ತಪ್ಪಿದ ಇಪ್ಪತ್ತರ ಹುಡುಗರಿಗೆ ಇಂಥ ಮರಳುವ ದಾರಿಯನ್ನು ನಾವು ಇನ್ನೂ ಸರಿಯಾಗಿ ಕಟ್ಟಿಲ್ಲ.

ಮುಂದೆ ಗಮನಿಸಬೇಕಾದದ್ದು

2025ರ ಜುಲೈನಲ್ಲೇ ರಾಜ್ಯದಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಬೀಟ್ ಪೊಲೀಸರು ಮನೆಗಳಿಗೆ ಹೋಗಿ ಜನರ ಅಹವಾಲು ಕೇಳುವ ಯೋಜನೆ ಇದು. ಆಗಿನ ಗೃಹ ಸಚಿವ ಜಿ. ಪರಮೇಶ್ವರ ತುಮಕೂರು ಜಿಲ್ಲೆಯ ಕೊರಟಗೆರೆ ಕ್ಷೇತ್ರದವರು, ಹಾಗಾಗಿ ಈ ಭಾಗದಲ್ಲಿ ಅದರ ಬಗ್ಗೆ ನಿರೀಕ್ಷೆ ಜಾಸ್ತಿ. ಅದು ಅಹವಾಲು ಕೇಳುವುದಕ್ಕೇ ಉಳಿದರೆ ಮೇಲೆ ಹೇಳಿದ ಸೆಲೆ ತುಂಬುತ್ತದೆ. ಕೆಲವು ಬೀದಿಗಳಲ್ಲಿ ಮಾತ್ರ ಪಟ್ಟಿ ಮಾಡುವ ಕೆಲಸವಾದರೆ ಬತ್ತುತ್ತದೆ. ಯೋಜನೆ ಒಂದೇ, ನಡೆಸುವ ರೀತಿಯಲ್ಲಿ ಫಲ ಎರಡು.

ಕ್ವಾರಿಗಳ ದಾಸ್ತಾನು ಪುಸ್ತಕ ಮತ್ತು ಗುಡ್ಡದ ಮೇಲಿನ ನಿಜವಾದ ದಾಸ್ತಾನು ತಾಳೆಯಾಗುತ್ತದೆಯೇ ಅನ್ನುವುದನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತಾರೆ? ಜಿಲ್ಲಾ ಪಂಚಾಯಿತಿ ಸಭೆಗಳಲ್ಲಿ, ಕೆಡಿಪಿ ಸಭೆಗಳಲ್ಲಿ ಇದನ್ನು ಕೇಳಬಹುದು. ಇದಕ್ಕೆ ಎನ್‌ಐಎ ಬೇಕಿಲ್ಲ.

ಜೈಲಿನ ವಿಷಯ ಎಲ್ಲಕ್ಕಿಂತ ಕಷ್ಟದ್ದು. ನವೆಂಬರ್‌ನ ವಿಡಿಯೊಗಳ ನಂತರ ಅಮಾನತು, ವರ್ಗಾವಣೆ ಆದವು. ಜಾಮರ್, ತಪಾಸಣೆಯ ಮಾತು ಬಂತು. ಭಯೋತ್ಪಾದನೆ ಆರೋಪಿಗಳನ್ನು ಬೇರೆ ಇಡಬೇಕು ಅನ್ನುವುದು ಒಂದು ವಾದ. ಅವರನ್ನೆಲ್ಲ ಒಂದೇ ಕಡೆ ಇಟ್ಟರೆ ಬಳಗ ಇನ್ನೂ ಗಟ್ಟಿಯಾಗುತ್ತದೆ ಅನ್ನುವುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಯಾವುದನ್ನು ಆರಿಸಿದರೂ ಒಳಗೆ ಹೊಸದಾಗಿ ಬಂದ ಹುಡುಗ ಯಾರ ಜೊತೆ ಕೂರುತ್ತಾನೆ, ಮನೆಯವರ ಭೇಟಿಯನ್ನು ಯಾವಾಗ ಬೇಡ ಅನ್ನಲು ಶುರು ಮಾಡಿದ, ಅವನ ಮಾತು ಹೇಗೆ ಬದಲಾಗಿದೆ ಅನ್ನುವುದನ್ನು ಗಮನಿಸುವ ಒಬ್ಬರು ಬೇಕು. ಜೈಲಿನ ವ್ಯವಸ್ಥೆಯಲ್ಲಿ ಆ ಕೆಲಸಕ್ಕೆ ಎಲ್ಲರಿಗಿಂತ ಹತ್ತಿರ ಇರುವುದು ಮನೋವೈದ್ಯರ ಹುದ್ದೆ. ಮೊಬೈಲ್ ಸಾಗಿಸಿದ ಆರೋಪ ಬಂದಿರುವುದು ಅದೇ ಹುದ್ದೆಯಲ್ಲಿದ್ದವರ ಮೇಲೆ.